ವಿಂಡೋಸನ್ನು ಹೊಸ ಎಸ್‌ಎಸ್‌ಡಿಗೆ ದಾಟಿಸುವುದು: ನಾನು ಬಳಸಿ ನೋಡಿದ ದಾರಿಗಳು

ಕಾಸರಗೋಡಿನ ಬದಿಯಡ್ಕ, ಕುಂಬಳೆ, ಪೆರ್ಲ ಕಡೆ ನನಗೆ ಈಗ ಒಂದೇ ಬಗೆಯ ಕೆಲಸ ಜಾಸ್ತಿ ಬರುತ್ತದೆ. ಏಳೆಂಟು ವರ್ಷ ಹಳೆಯ ಕಂಪ್ಯೂಟರ್, ಒಳಗೆ 500 ಜಿಬಿ ಅಥವಾ 1 ಟಿಬಿ ಹಾರ್ಡ್‌ಡಿಸ್ಕ್. ಆನ್ ಮಾಡಿದ ಮೇಲೆ ಒಂದು ಚಾ ಕುಡಿದು ಬರುವಷ್ಟು ಹೊತ್ತು. ಇದಕ್ಕೆ ಮದ್ದು ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯ ಬದಲು ಚಿಪ್ಪಿನಲ್ಲಿ ಡೇಟಾ ಇಡುವ ವೇಗದ ಡ್ರೈವ್. "ಎಸ್‌ಎಸ್‌ಡಿ ಹಾಕಿ ಕೊಡಿ ಅಣ್ಣ, ಆದ್ರೆ ಒಳಗಿದ್ದದ್ದು ಒಂದೂ ಹೋಗಬಾರದು" ಎನ್ನುತ್ತಾರೆ.

ಆ ಎರಡನೇ ಮಾತೇ ಕಷ್ಟದ್ದು. ಡಿಟಿಪಿ ಅಂಗಡಿಯ ಕಂಪ್ಯೂಟರ್ ಅಂದರೆ ಕನ್ನಡಕ್ಕೆ ನುಡಿ ಮತ್ತು ಬರಹ, ಮಲಯಾಳಕ್ಕೆ ಬೇರೆ ಫಾಂಟು, ಬೇರೆ ಕೀಬೋರ್ಡು, ಜೊತೆಗೆ ಪುಟ ಜೋಡಿಸುವ ಹಳೆಯ ಪೇಜ್‌ಮೇಕರ್. ಅದರಲ್ಲಿ ವರ್ಷಗಟ್ಟಲೆಯ ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ. ಮಾಷ್ಟ್ರುಗಳ ಲ್ಯಾಪ್‌ಟಾಪಿನದ್ದು ಇನ್ನೊಂದು ಕಥೆ. ಕೇರಳದ ಶಾಲೆಗಳಲ್ಲಿ ಐಟಿ ಪಾಠ ನಡೆಯುವುದು ಅಲ್ಲಿನ ಸರ್ಕಾರದ ಕೈಟ್ ಸಂಸ್ಥೆಯವರು ಉಬುಂಟು ಮೇಲೆ ಕಟ್ಟಿದ, ವಿಂಡೋಸಿನ ಬದಲಿಗೆ ಓಡುವ ಲಿನಕ್ಸಿನಲ್ಲಿ. ಹಾಗಾಗಿ ಒಂದೇ ಡಿಸ್ಕಿನಲ್ಲಿ ವಿಂಡೋಸ್ ಒಂದು ಕಡೆ, ಲಿನಕ್ಸ್ ಒಂದು ಕಡೆ.

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಇಡೀ ಡಿಸ್ಕನ್ನು ಕಾಪಿ ಮಾಡುವ ಪುಕ್ಕಟೆ ಟೂಲ್ ಕ್ಲೋನ್‌ಜಿಲ್ಲಾಗೆ. ಅದೂ ಡಿಸ್ಕಿನಿಂದ ಡಿಸ್ಕಿಗೆ ನೇರ ಅಲ್ಲ, ನಡುವೆ ಒಂದು ಇಮೇಜ್, ಅಂದರೆ ಡಿಸ್ಕಿನಲ್ಲಿದ್ದದ್ದನ್ನೆಲ್ಲ ಫೈಲುಗಳಾಗಿ ತೆಗೆದಿಟ್ಟ ಪ್ರತಿ, ಮಾಡಿಕೊಂಡು. ಆದರೆ ಎಲ್ಲ ಕಡೆಯೂ ಅದೇ ಗೆಲ್ಲುವುದಿಲ್ಲ.

ಯಾವ ದಾರಿ ಹಿಡಿದರೂ ಮೊದಲು ಹಳೆ ಡಿಸ್ಕಿನ ಆರೋಗ್ಯ ನೋಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಸಾಕು, ಪುಕ್ಕಟೆ ಸಿಗುತ್ತದೆ. ಅದು ತೋರಿಸುವ ಬಣ್ಣ ನೀಲಿ ಇದ್ದರೆ ನಿಶ್ಚಿಂತೆ. ಹಳದಿ ಬಂದರೆ ಡಿಸ್ಕಿನಲ್ಲಿ ಕೆಟ್ಟ ಅಥವಾ ಕೆಡುತ್ತಿರುವ ಸೆಕ್ಟರುಗಳು (ಡೇಟಾ ಕೂರುವ ಚಿಕ್ಕ ತುಂಡುಗಳು) ಇರಬಹುದು ಎಂದು ತಿಳಿಯಿರಿ. ಅಂಥ ಡಿಸ್ಕನ್ನು ಮತ್ತೆ ಮತ್ತೆ ಓದಿಸಬಾರದು, ಒಂದೇ ಸಲಕ್ಕೆ ಓದಿ ಮುಗಿಸಬೇಕು.

ಎಲ್ಲಕ್ಕಿಂತ ಸುಲಭದ್ದು ಎಸ್‌ಎಸ್‌ಡಿ ಕಂಪನಿಯವರೇ ಕೊಡುವ ಟೂಲ್. ಸ್ಯಾಮ್‌ಸಂಗ್‌ಗೆ ಅವರದೇ ಡೇಟಾ ಮೈಗ್ರೇಶನ್ ಇದೆ, ಕ್ರೂಶಿಯಲ್ ಮತ್ತು ಡಬ್ಲ್ಯುಡಿಗೆ ಅಕ್ರೋನಿಸ್‌ನ ಆವೃತ್ತಿ ಇದೆ. ವಿಂಡೋಸ್ ಓಡುತ್ತಿರುವಾಗಲೇ ಕಾಪಿ ಆಗುತ್ತದೆ, ಪೆನ್‌ಡ್ರೈವ್ ಬೇಕಿಲ್ಲ. ಆದರೆ ಆ ಕಂಪನಿಯ ಡ್ರೈವ್ ಇಲ್ಲದಿದ್ದರೆ ಟೂಲ್ ಮುಂದೆ ಹೋಗುವುದಿಲ್ಲ. ಪೇಟೆಯಲ್ಲಿ ಕಡಿಮೆ ರೇಟಿಗೆ ಸಿಗುವ ಎಷ್ಟೋ ಎಸ್‌ಎಸ್‌ಡಿಗಳಿಗೆ ಇಂಥ ಟೂಲೇ ಇರುವುದಿಲ್ಲ. ಒಂದು ಹಳದಿ ಡಿಸ್ಕಿನ ಮೇಲೆ ಇಂಥದೊಂದು ಟೂಲ್ ಅರ್ಧದಲ್ಲಿ ನಿಂತು ಬರೀ ಒಂದು ಎರರ್ ನಂಬರ್ ತೋರಿಸಿತು. ಏನಾಯಿತು, ಎಲ್ಲಿ ನಿಂತಿತು ಎಂಬುದು ಒಂದೂ ಗೊತ್ತಾಗಲಿಲ್ಲ. ಮನೆಯ ಸಾದಾ ಲ್ಯಾಪ್‌ಟಾಪ್, ವಿಂಡೋಸ್ ಮಾತ್ರ, ಡಿಸ್ಕ್ ಚೆನ್ನಾಗಿದೆ ಅಂತಾದರೆ ಧಾರಾಳ ಬಳಸಿ. ಲಿನಕ್ಸ್ ಸಹ ಇರುವ ಮಾಷ್ಟ್ರ ಲ್ಯಾಪ್‌ಟಾಪಿಗೆ ನಾನು ಇದನ್ನು ಮುಟ್ಟುವುದಿಲ್ಲ.

ಡಿಸ್ಕ್ ಕಾಪಿ ಮಾಡುವ ಇನ್ನೊಂದು ಟೂಲ್ ಮ್ಯಾಕ್ರಿಯಂ ರಿಫ್ಲೆಕ್ಟ್ ಬೇರೆಯೇ ಮಟ್ಟದ್ದು. ಮೊದಲು ಪುಕ್ಕಟೆ ಆವೃತ್ತಿ ಇತ್ತು, 2024ರ ಜನವರಿಯಿಂದ ಅದಕ್ಕೆ ಅಪ್‌ಡೇಟ್ ನಿಂತಿದೆ. ಈಗ 30 ದಿನದ ಟ್ರಯಲ್, ಆಮೇಲೆ ದುಡ್ಡು. ಒಂದು ಯಂತ್ರದ ಕೆಲಸಕ್ಕೆ ಟ್ರಯಲ್ ಸಾಕು. ಇದರ ದೊಡ್ಡ ಗುಣ ಪಾರ್ಟಿಶನ್‌ಗಳನ್ನು (ಡಿಸ್ಕಿನೊಳಗಿನ ಪಾಲುಗಳನ್ನು) ಕಣ್ಣೆದುರೇ ಜೋಡಿಸಬಹುದಾದದ್ದು. ಇದು ಯಾಕೆ ಮುಖ್ಯ ಅಂದರೆ, ವಿಂಡೋಸ್ ಡಿಸ್ಕಿನಲ್ಲಿ ಸಿ ಡ್ರೈವ್ ಒಂದೇ ಇರುವುದಲ್ಲ. ಮೊದಲಿಗೆ ಬೂಟ್ ಆಗುವ, ಅಂದರೆ ಕಂಪ್ಯೂಟರ್ ಶುರುವಾಗಲು ಬೇಕಾದ, ಚಿಕ್ಕ ಇಎಫ್‌ಐ ಪಾರ್ಟಿಶನ್, ಆಮೇಲೆ ಸಿ, ಅದರ ಬಲಕ್ಕೆ ಸಾಮಾನ್ಯವಾಗಿ ರಿಕವರಿ ಪಾರ್ಟಿಶನ್. ಇದನ್ನು ಹೀಗೆಯೇ ದೊಡ್ಡ ಡ್ರೈವಿಗೆ ಕಾಪಿ ಮಾಡಿದರೆ ಉಳಿದ ಖಾಲಿ ಜಾಗ ರಿಕವರಿಯ ಆಚೆ ಬೀಳುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಸಿ ಮೇಲೆ ರೈಟ್ ಕ್ಲಿಕ್ ಮಾಡಿದರೆ ಎಕ್ಸ್‌ಟೆಂಡ್ ಎಂಬುದು ಮಂಕಾಗಿ ಕೂತಿರುತ್ತದೆ, ಒತ್ತಲು ಬರುವುದಿಲ್ಲ. ಪಕ್ಕದಲ್ಲೇ ಖಾಲಿ ಜಾಗ ಇದ್ದರೆ ಮಾತ್ರ ಅದು ಕೆಲಸ ಮಾಡುವುದು. ಮ್ಯಾಕ್ರಿಯಂನಲ್ಲಿ ಕಾಪಿ ಮಾಡುವಾಗಲೇ ಸಿಯನ್ನು ದೊಡ್ಡದು ಮಾಡಿ ರಿಕವರಿಯನ್ನು ತುದಿಗೆ ತಳ್ಳಬಹುದು. ಕ್ಲೋನ್‌ಜಿಲ್ಲಾದಲ್ಲಿ ಮಾಡಿದರೆ ಆಮೇಲೆ ಜಿಪಾರ್ಟೆಡ್ ಹಾಕಿ ರಿಕವರಿಯನ್ನು ಬಲಕ್ಕೆ ಸರಿಸುವ ಕೆಲಸ ಉಳಿಯುತ್ತದೆ.

ದೊಡ್ಡದರಿಂದ ಚಿಕ್ಕದಕ್ಕೆ ಹೋಗುವಾಗಲೂ ಮ್ಯಾಕ್ರಿಯಂ ಮುಂದೆ. ಇಲ್ಲಿ ಒಂದು ಲೆಕ್ಕ ಗಮನಿಸಿ. 500 ಜಿಬಿ ಎಂದು ಬರೆದದ್ದು ವಿಂಡೋಸಿನಲ್ಲಿ 465 ಎಂದು ಕಾಣುತ್ತದೆ, 480 ಜಿಬಿಯದ್ದು 447 ಎಂದು. ಹಳೆ ಡಿಸ್ಕ್ 500, ಕೊಂಡು ತಂದ ಎಸ್‌ಎಸ್‌ಡಿ 480. ಎರಡೂ ಹೆಚ್ಚುಕಮ್ಮಿ ಒಂದೇ ಅಲ್ವಾ ಎನಿಸುತ್ತದೆ. ಆದರೆ ಒಳಗೆ ಬರೀ 120 ಜಿಬಿ ತುಂಬಿದ್ದರೂ ಕ್ಲೋನ್‌ಜಿಲ್ಲಾ ಜಾಗ ಸಾಲದು ಎಂದು ನಿಲ್ಲುತ್ತದೆ. ಮೊದಲು ಸಿಯನ್ನು ಕುಗ್ಗಿಸಬೇಕು, ಆಮೇಲೆ ಎಕ್ಸ್‌ಪರ್ಟ್ ಮೋಡಿಗೆ ಹೋಗಿ ಡಿಸ್ಕಿನ ಅಳತೆ ನೋಡಬೇಡ, ಪಾರ್ಟಿಶನ್‌ಗಳನ್ನು ಅದೇ ಪ್ರಮಾಣದಲ್ಲಿ ಮಾಡು ಎಂದು ಆರಿಸಬೇಕು. ಮ್ಯಾಕ್ರಿಯಂಗೆ ಒಳಗಿನ ಡೇಟಾ ಹಿಡಿಸಿದರೆ ಸಾಕು. ಹಾಗಾಗಿ ಎಸ್‌ಎಸ್‌ಡಿ ಇನ್ನೂ ಕೊಂಡಿಲ್ಲದವರಿಗೆ ನಾನು ಹೇಳುವುದು, ಹಳೆಯದಕ್ಕೆ ಸಮ ಅಥವಾ ದೊಡ್ಡದನ್ನೇ ತನ್ನಿ.

ಇಷ್ಟೆಲ್ಲ ಇದ್ದೂ ಕ್ಲೋನ್‌ಜಿಲ್ಲಾ ಯಾಕೆ ಎಂದರೆ, ನಮ್ಮ ಊರಿನ ಕರೆಂಟು ಮತ್ತು ಹಳೆ ಡಿಸ್ಕು. ತುಲಾ ತಿಂಗಳ ಸಂಜೆ ಸಿಡಿಲು ಶುರುವಾದರೆ ಪ್ಲಗ್ ಕೀಳದೆ ಗತಿಯಿಲ್ಲ. ನೇರ ಕಾಪಿ ನಡುವೆ ನಿಂತರೆ ಮತ್ತೆ ಮೊದಲಿನಿಂದ, ಹಳೆ ಡಿಸ್ಕಿಗೆ ಇನ್ನೊಂದು ಸಲ ಅದೇ ಓಟ. ಹೊರಗಿನ ಡ್ರೈವಿಗೆ ಒಮ್ಮೆ ಇಮೇಜ್ ಆದರೆ ಹಳೆ ಡಿಸ್ಕಿನ ಕೆಲಸ ಮುಗಿಯಿತು. ಮುಂದೆ ಎಷ್ಟು ಸಲ ಬೇಕಾದರೂ ಇಮೇಜಿನಿಂದಲೇ ಇಳಿಸಬಹುದು. ಅದೇ ಬ್ಯಾಕಪ್ ಕೂಡ ಆಯಿತು. ಕ್ಲೋನ್‌ಜಿಲ್ಲಾ ಪೆನ್‌ಡ್ರೈವಿನಿಂದ ಬೂಟ್ ಆಗುವುದರಿಂದ ಒಳಗಿನ ವಿಂಡೋಸ್ ಕೆಟ್ಟಿದ್ದರೂ ನಡೆಯುತ್ತದೆ. ಫೈಲ್ ಜೋಡಿಸಿಡುವ ಪದ್ಧತಿಗಳಾದ ವಿಂಡೋಸಿನ ಎನ್‌ಟಿಎಫ್‌ಎಸ್, ಲಿನಕ್ಸಿನ ಇಎಕ್ಸ್‌ಟಿ4 ಎರಡನ್ನೂ ಗುರುತಿಸಿ ಡೇಟಾ ಇರುವ ಜಾಗ ಮಾತ್ರ ಕಾಪಿ ಮಾಡುತ್ತದೆ. ಕೆಟ್ಟ ಸೆಕ್ಟರ್ ಇದ್ದರೆ ಬಿಟ್ಟು ಮುಂದೆ ಹೋಗಲು ರೆಸ್ಕ್ಯೂ ಆಯ್ಕೆಯೂ ಇದೆ.

ಅದರ ಪರದೆ ನೋಡಿ ಹೆದರುವವರಿದ್ದಾರೆ. ಮೌಸ್ ಇಲ್ಲ, ಬಾಣದ ಕೀಯಲ್ಲಿ ಸರಿಯಬೇಕು, ಸ್ಪೇಸ್ ಒತ್ತಿ ಗುರುತು ಹಾಕಬೇಕು. ಡಿಸ್ಕುಗಳು ಎಸ್‌ಡಿಎ, ಎಸ್‌ಡಿಬಿ ಎಂದು ಬರುತ್ತವೆ. ಅಕ್ಷರ ನಂಬಬೇಡಿ, ಪಕ್ಕದಲ್ಲಿರುವ ಮಾಡೆಲ್ ಹೆಸರು ಮತ್ತು ಅಳತೆ ಓದಿ. ಹೊಸ ಡಿಸ್ಕಿನ ಮೇಲೆ ಬರೆಯುವ ಮೊದಲು ಎರಡು ಸಲ 'ವೈ' ಒತ್ತಲು ಕೇಳುತ್ತದೆ. ಅಲ್ಲಿ ಅವಸರ ಬೇಡ, ಆ ಸಾಲನ್ನು ಬಾಯಿಬಿಟ್ಟು ಓದಿ. ಮೆನು ಇನ್ನೂ ಬೇಡ ಎನಿಸಿದರೆ ರೆಸ್ಕ್ಯೂಜಿಲ್ಲಾ ಇದೆ. ಅದರಲ್ಲಿ ಮೌಸ್ ನಡೆಯುತ್ತದೆ, ಕ್ಲೋನ್‌ಜಿಲ್ಲಾದ ಇಮೇಜನ್ನೂ ಓದುತ್ತದೆ.

ಶುರು ಮಾಡುವ ಮೊದಲು ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ತೆಗೆದು ಪೂರ್ತಿ ಶಟ್‌ಡೌನ್ ಮಾಡಿ. ಇಲ್ಲದಿದ್ದರೆ ಸಿ ಡ್ರೈವ್ ಅರ್ಧ ನಿದ್ದೆಯಲ್ಲಿರುತ್ತದೆ, ಕ್ಲೋನ್‌ಜಿಲ್ಲಾ ತಕರಾರು ಮಾಡುತ್ತದೆ. ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಇದ್ದರೆ ಪೂರ್ತಿ ತೆಗೆಯಿರಿ, ಬರೀ ಸಸ್ಪೆಂಡ್ ಮಾಡಿದರೆ ಕ್ಲೋನ್‌ಜಿಲ್ಲಾಗೆ ಒಳಗೇನಿದೆ ಕಾಣದೆ ಇಡೀ ಪಾರ್ಟಿಶನ್ ಎಳೆಯುತ್ತದೆ. ಮ್ಯಾಕ್ರಿಯಂ ವಿಂಡೋಸಿನ ಒಳಗಿಂದ ಓದುವುದರಿಂದ ಅಲ್ಲಿ ಈ ತಾಪತ್ರಯ ಇಲ್ಲ. ಹೊರಗಿನ ಡ್ರೈವನ್ನು ನೀಲಿ ಯುಎಸ್‌ಬಿ 3 ಪೋರ್ಟಿಗೇ ಹಾಕಿ. 120 ಜಿಬಿಗೆ ಯುಎಸ್‌ಬಿ 2ರಲ್ಲಿ ಸುಮಾರು ಒಂದು ಗಂಟೆ. 3ರಲ್ಲಿ ಹಳೆ ಡಿಸ್ಕಿನ ವೇಗವೇ ಮಿತಿ, ಇಪ್ಪತ್ತು ನಿಮಿಷದ ಆಸುಪಾಸು.

ಹೊಸದಾಗಿ ವಿಂಡೋಸ್ ಹಾಕುವುದು ಇನ್ನೊಂದು ದಾರಿ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಾಗಾಗಿ 11 ಹಿಡಿಸುವ ಕಂಪ್ಯೂಟರಿನಲ್ಲಿ, ಮನೆಬಳಕೆಯದ್ದಾದರೆ, ಇದೇ ಒಳ್ಳೆಯದು. ಲೈಸೆನ್ಸ್ ಮದರ್‌ಬೋರ್ಡಿಗೆ ಕಟ್ಟಿರುವ ಡಿಜಿಟಲ್ ಲೈಸೆನ್ಸ್ ಆದರೆ ನೆಟ್ ಸಿಕ್ಕ ಕೂಡಲೇ ತಾನೇ ಆಕ್ಟಿವೇಟ್ ಆಗುತ್ತದೆ. ಡಿಟಿಪಿ ಅಂಗಡಿಗೆ ಮಾತ್ರ ನಾನು ಇದನ್ನು ಹೇಳುವುದಿಲ್ಲ. ಫಾಂಟ್ ಫೋಲ್ಡರ್ ಕಾಪಿ ಮಾಡಬಹುದು. ಕಳೆದುಹೋದ ಸಿಡಿಯ ಪೇಜ್‌ಮೇಕರ್, ಹಳೆ ಪ್ರಿಂಟರಿನ ಡ್ರೈವರ್, ಎರಡು ಭಾಷೆಯ ಕೀಬೋರ್ಡು ಇವನ್ನೆಲ್ಲ ಮತ್ತೆ ಕೂಡಿಸುವಷ್ಟರಲ್ಲಿ ಅಂಗಡಿಯ ಒಂದು ದಿನದ ದುಡಿಮೆ ಹೋಗುತ್ತದೆ.

ಕ್ಲೋನ್ ಆದ ಮೇಲೆ ಮೊದಲ ಬೂಟ್‌ಗೆ ಹಳೆ ಡಿಸ್ಕ್ ಕಳಚಿಡಿ. ಎರಡೂ ಒಂದೇ ಗುರುತು ಹೊತ್ತಿರುತ್ತವೆ, ಒಟ್ಟಿಗೆ ಇದ್ದರೆ ವಿಂಡೋಸಿಗೂ ಲಿನಕ್ಸಿಗೂ ಗೊಂದಲ. ಹಳೆ ಬಗೆಯ ಸಾಟಾ ಡಿಸ್ಕಿನಿಂದ ಹೊಸ ಬಗೆಯ, ಇನ್ನೂ ವೇಗದ ಎನ್‌ವಿಎಂಇ ಎಸ್‌ಎಸ್‌ಡಿಗೆ ದಾಟಿಸಿದಾಗ ಬೂಟ್ ಡಿವೈಸ್ ಸಿಗುತ್ತಿಲ್ಲ ಎಂಬ ನೀಲಿ ಪರದೆ ಬಂದರೆ ಗಾಬರಿ ಬೇಡ, ಹೆಚ್ಚಾಗಿ ಒಮ್ಮೆ ಸೇಫ್ ಮೋಡಿನಲ್ಲಿ ಬೂಟ್ ಮಾಡಿದರೆ ಡ್ರೈವರ್ ಹಿಡಿದುಕೊಳ್ಳುತ್ತದೆ. ಲಿನಕ್ಸ್ ಇರುವ ಲ್ಯಾಪ್‌ಟಾಪ್ ನೇರ ವಿಂಡೋಸಿಗೆ ಹೋದರೆ ಬಯಾಸಿನ (ಕಂಪ್ಯೂಟರ್ ಶುರುವಾಗುವಾಗಿನ ಸೆಟ್ಟಿಂಗಿನ) ಬೂಟ್ ಪಟ್ಟಿಯಲ್ಲಿ ಉಬುಂಟು ಮೇಲೆ ಬರುವಂತೆ ಮಾಡಿ. ಹಳೆ ಡಿಸ್ಕನ್ನು ಕೂಡಲೇ ಫಾರ್ಮ್ಯಾಟ್ ಮಾಡಬೇಡಿ. ಒಂದು ತಿಂಗಳು ಅಂಗಡಿಯವರು ತಮ್ಮ ಹಳೆ ಫೈಲುಗಳನ್ನೆಲ್ಲ ತೆರೆದು, ಒಂದೊಂದು ಪ್ರಿಂಟ್ ತೆಗೆದು ನೋಡಲಿ, ಆಮೇಲೆ ಅಳಿಸಿದರಾಯಿತು.