‘ಓಟಿ ಕೋರ್ಸ್’ ಅಂದರೆ ಯಾವ ಓಟಿ ಅಂತ ಮೊದಲು ಕೇಳಿ, ದುಡ್ಡು ಆಮೇಲೆ ಕೊಡಿ

ಬರೆಯಲೋ ಬೇಡವೋ ಅಂತ ಎರಡು ತಿಂಗಳು ಸುಮ್ಮನಿದ್ದೆ. ನಾಚಿಕೆ. ಬಿಎಸ್ಸಿ ಮುಗಿಸಿದವಳು ಎರಡಕ್ಷರಕ್ಕೆ ಮೋಸ ಹೋದೆ ಅಂತ ಯಾವ ಬಾಯಲ್ಲಿ ಹೇಳಲಿ? ಆದರೆ ಪಿಯುಸಿ ರಿಸಲ್ಟ್ ಬಂದಿದೆ. ನಾನು ಮೋಸ ಹೋದ ಅಡ್ಮಿಷನ್ ಆಫೀಸಿನ ಮುಂದೆ ಈಗ ಮತ್ತೆ ಅಪ್ಪ ಅಮ್ಮಂದಿರು ಫೈಲ್ ಹಿಡಿದು ಕೂತಿರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಈ ಹುಚ್ಚು ಹಿಡಿದದ್ದು ಅಪ್ಪನಿಂದ. ಸ್ಟ್ರೋಕ್ ಆಗಿ ಅವರ ಬಲಗೈ ಬಿದ್ದುಹೋಗಿತ್ತು. ಫಿಸಿಯೋದವರು ಬಂದು ಕೈ ಎತ್ತಿಸಿ ಇಳಿಸಿ ಮಾಡಿಸುತ್ತಿದ್ದರು. ಅದೇ ಆಸ್ಪತ್ರೆಯಲ್ಲಿ ಇನ್ನೊಬ್ಬ ಮೇಡಂ ಇದ್ದರು. ಅವರು ಬಂದವರೇ ಕೇಳಿದ್ದು, ‘ಮನೆಯಲ್ಲಿ ಏನು ಊಟ ಮಾಡ್ತೀರಿ?’ ಅಪ್ಪ ‘ಮುದ್ದೆ’ ಅಂದರು. ಎಡಗೈಯಲ್ಲಿ ಮಾತ್ರ ತಿನ್ನಲ್ಲ ಅಂತ ಹಠ ಬೇರೆ. ಮಾರನೇ ದಿನ ಮೇಡಂ ಮನೆಯಿಂದ ಮುದ್ದೆನೇ ತರಿಸಿದರು! ತಟ್ಟೆ ಜಾರದ ಹಾಗೆ ಕೆಳಗೆ ಒದ್ದೆ ಬಟ್ಟೆ ಹಾಸಿದರು. ಅಪ್ಪನ ಬಲಗೈ ಮೇಲೆ ತಮ್ಮ ಕೈ ಇಟ್ಟು ಮುರಿಸಿದರು. ಅಂಗಿ ಹಾಕುವಾಗ ಬಿದ್ದ ಕೈಯನ್ನೇ ಮೊದಲು ತೋಳಿಗೆ ತೂರಿಸಬೇಕು ಅಂತ ಅಮ್ಮನಿಗೆ ತೋರಿಸಿದರು. ಮೂರು ತಿಂಗಳಾದ ಮೇಲೆ ಅಪ್ಪ ತಾವೇ ಮುದ್ದೆ ಮುರಿದು ಸಾರಿಗೆ ಅದ್ದಿದ ದಿನ ಅಮ್ಮ ಅಡುಗೆಮನೆಗೆ ಹೋಗಿ ಅತ್ತರು. ನಾನು ಇದನ್ನೇ ಓದುತ್ತೇನೆ ಅಂತ ಅವತ್ತೇ ತೀರ್ಮಾನ ಮಾಡಿದೆ.

ಅವರು ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ಊಟ, ಬಟ್ಟೆ ಥರದ ದಿನನಿತ್ಯದ ಕೆಲಸಗಳನ್ನ ರೋಗಿ ಮತ್ತೆ ತಾನೇ ಮಾಡಿಕೊಳ್ಳೋ ಹಾಗೆ ಕಲಿಸುವವರು. ವಾರ್ಡಿನಲ್ಲಿ ಎಲ್ಲರೂ ಅವರನ್ನ ‘ಓಟಿ ಮೇಡಂ’ ಅನ್ನುತ್ತಿದ್ದರು. ನಾನೂ ಅದೇ ಹೆಸರು ಹಿಡಿದುಕೊಂಡು ಹೊರಟೆ.

ಅವರು ಓದಿದ್ದು ನಾಲ್ಕೂವರೆ ವರ್ಷ ಅಂತ ಹೇಳಿದ್ದರು. ನನಗೆ ಇಪ್ಪತ್ಮೂರು, ಲ್ಯಾಬೊಂದರಲ್ಲಿ ಬಿಲ್ಲಿಂಗ್ ಕೆಲಸ, ಮನೆಯಲ್ಲಿ ಅಪ್ಪನ ಔಷಧಿ ಖರ್ಚು. ಮತ್ತೆ ಮೊದಲಿಂದ ನಾಲ್ಕೂವರೆ ವರ್ಷವಾ ಅಂತ ಎದೆ ಧಸಕ್ ಅಂದಿತ್ತು. ಅಷ್ಟರಲ್ಲಿ ಈ ಅಡ್ಮಿಷನ್ ಆಫೀಸ್ ಸಿಕ್ಕಿತು. ಬೆಂಗಳೂರಲ್ಲಿ, ಬೇಕರಿ ಮೇಲಿನ ಮಹಡಿ. ‘ಓಟಿ ಕೋರ್ಸ್ ಎರಡೇ ವರ್ಷ ಮೇಡಂ, ನೂರಕ್ಕೆ ನೂರು ಕೆಲಸ’ ಅಂದ ಅಲ್ಲಿ ಕೂತಿದ್ದವನು. ನಾನು ಕೇಳಲಿಲ್ಲ ಅಂತಲ್ಲ. ‘ಸ್ಟ್ರೋಕ್ ಆದವರು, ಮಕ್ಕಳು, ಅವರ ಜೊತೆ ಕೆಲಸ ಅಲ್ವಾ?’ ಅಂತ ಕೇಳಿದೆ. ‘ಹೌದು ಮೇಡಂ, ಆಸ್ಪತ್ರೆ ಅಂದ್ಮೇಲೆ ಎಲ್ಲಾ ಥರದ ಪೇಷೆಂಟೂ ಇರ್ತಾರೆ.’ ಈಗ ಯೋಚಿಸಿದರೆ ಅವನು ಒಂದು ಸುಳ್ಳೂ ಹೇಳಿಲ್ಲ! ಅದೇ ಹೊಟ್ಟೆ ಉರಿಯೋದು. ಸೀಟ್ ಬ್ಲಾಕಿಂಗ್ ಅಂತ 20,000, ಮೊದಲ ಕಂತು ಅಂತ 45,000. ಅಮ್ಮನ ಬಳೆ ಅಡ ಇಟ್ಟ ದುಡ್ಡು.

ಮೊದಲ ದಿನ ಸರ್ ಕತ್ತರಿಯಂಥದ್ದೊಂದು ಎತ್ತಿ ಹಿಡಿದು ‘ಇದು ಆರ್ಟರಿ ಫೋರ್ಸೆಪ್ಸ್’ ಅಂದರು. ಬರೆದುಕೊಂಡೆ. ಎರಡನೇ ದಿನ ಆಟೋಕ್ಲೇವ್, ಅಂದರೆ ಉಪಕರಣಗಳನ್ನ ಆವಿಯಲ್ಲಿ ಶುದ್ಧ ಮಾಡೋ ಯಂತ್ರ, 121 ಡಿಗ್ರಿ. ಅದನ್ನೂ ಬರೆದುಕೊಂಡೆ. ಎಲ್ಲರಿಗೂ ಇರೋ ಬೇಸಿಕ್ ಪಾಠ ಇರಬೇಕು ಅಂದುಕೊಂಡೆ. ಮೂರನೇ ದಿನ ಗೌನು, ಗ್ಲೌಸು. ಆಗ ಕೈ ಎತ್ತಿ ಕೇಳಿದೆ, ‘ಸರ್, ಸ್ಟ್ರೋಕ್ ಪೇಷೆಂಟ್‌ಗಳ ವಿಷಯ ಯಾವಾಗ ಬರುತ್ತೆ?’

‘ಸ್ಟ್ರೋಕ್ ಯಾಕಮ್ಮಾ? ಇದು ಆಪರೇಷನ್ ಥಿಯೇಟರ್ ಕೋರ್ಸು.’

ಹಿಂದೆ ಯಾರೋ ಕಿಸಕ್ ಅಂದರು. ನನ್ನ ಕಿವಿಯೆಲ್ಲಾ ಬಿಸಿ. ಮೂರು ದಿನ! ಮೂರು ದಿನ ಕೂತು ನೋಟ್ಸ್ ಬರೆದಿದ್ದೇನೆ ನಾನು.

ಓಟಿ ಟೆಕ್ನೀಷಿಯನ್ ಕೆಲಸ ಕೀಳು ಅಂತ ನಾನು ಹೇಳುತ್ತಿಲ್ಲ. ಅವರಿಲ್ಲದೆ ಒಂದು ಆಪರೇಷನ್ನೂ ನಡೆಯಲ್ಲ. ಆದರೆ ನಾನು ಕೇಳಿದ್ದು ಅದಲ್ಲ. ಅಡ್ಮಿಷನ್ ಆಫೀಸಿಗೆ ಬಂದು ಕೇಳಿದರೆ ಆ ಪುಣ್ಯಾತ್ಮ, ‘ಓಟಿ ಅಂದ್ರೆ ಓಟಿನೇ ಮೇಡಂ. ನೀವೇ ಓಟಿ ಅಂದ್ರಿ, ನಾವು ಓಟಿ ಕೊಟ್ವಿ.’ ರಸೀದಿ ತೆಗೆದು ನೋಡಿದೆ. ‘ಡಿಪ್ಲೊಮಾ ಓ.ಟಿ.’ ಅಂತಷ್ಟೇ ಇದೆ. ಪೂರ್ತಿ ಹೆಸರು ಎಲ್ಲೂ ಇಲ್ಲ. ದುಡ್ಡು ವಾಪಸ್ ಕೊಡಿ ಅಂದೆ. ‘ಫಾರ್ಮ್ ಕೆಳಗೆ ಸೈನ್ ಮಾಡಿದ್ದೀರಲ್ಲ, ರೀಫಂಡ್ ಇಲ್ಲ.’ ಸಂಜೆ ವಾಟ್ಸಾಪಲ್ಲಿ, ‘ಇಬ್ಬರು ಫ್ರೆಂಡ್ಸ್ ಕರ್ಕೊಂಡು ಬಂದು ಸೇರಿಸಿ, 20,000 ಅಡ್ಜಸ್ಟ್ ಮಾಡೋಣ.’ ನಾನು ಬಿದ್ದ ಗುಂಡಿಗೆ ಇನ್ನಿಬ್ಬರನ್ನ ತಳ್ಳಬೇಕಂತೆ!

ಅಷ್ಟಕ್ಕೇ ನಿಲ್ಲಲಿಲ್ಲ. ಎರಡು ದಿನ ಬಿಟ್ಟು ತುಂಬಾ ಮೆತ್ತಗೆ ಫೋನು. ‘ನಿಮಗೆ ಆ ಥೆರಪಿನೇ ಬೇಕಾ ಮೇಡಂ? ಬೇರೆ ರಾಜ್ಯದ್ದು ಆನ್‌ಲೈನ್ ಇದೆ. ಇನ್ನೊಂದು 35,000 ಹಾಕಿ, ವರ್ಷದಲ್ಲಿ ಸರ್ಟಿಫಿಕೇಟ್ ಕೈಗೆ.’ ಹೇಳೋಕೆ ನಾಚಿಕೆ ಆಗುತ್ತೆ, ಒಂದು ರಾತ್ರಿ ಪೂರ್ತಿ ಅದನ್ನೇ ಯೋಚಿಸಿದೆ. ಹೋದ ದುಡ್ಡು ಹೀಗಾದರೂ ಕೆಲಸಕ್ಕೆ ಬರಲಿ ಅಂತ.

ಬೆಳಿಗ್ಗೆ ಎದ್ದು ಅಪ್ಪನ ಮೇಡಂಗೆ ಫೋನ್ ಮಾಡಿದೆ. ಮೊದಲೇ ಮಾಡಬೇಕಿದ್ದ ಫೋನು ಅದು. ಅವರು ಬೈದರು, ಆಮೇಲೆ ಹೇಳಿದರು. ಈ ಓದನ್ನ ದೂರಶಿಕ್ಷಣದಲ್ಲಿ, ಆನ್‌ಲೈನಲ್ಲಿ ಕೊಡೋಕೆ ಯುಜಿಸಿ ಬಿಡೋದೇ ಇಲ್ಲ. ಪಿಯುಸಿ ಸೈನ್ಸ್ ಆದಮೇಲೆ ಬಿ.ಓ.ಟಿ. (ಬ್ಯಾಚುಲರ್ ಆಫ್ ಆಕ್ಯುಪೇಷನಲ್ ಥೆರಪಿ) ಅನ್ನೋ ಡಿಗ್ರಿನೇ ಮಾಡಬೇಕು. ಆಕ್ಯುಪೇಷನಲ್ ಥೆರಪಿಸ್ಟರ ವಿಶ್ವ ಒಕ್ಕೂಟದ ಲೆಕ್ಕದಲ್ಲಿ ರೋಗಿಗಳ ಜೊತೆ ಕಲಿಯುವುದೇ ಕನಿಷ್ಠ 1000 ಗಂಟೆ. ‘ಅದನ್ನ ಫೋನ್ ನೋಡ್ಕೊಂಡು ಕಲೀತೀಯಾ? ನಿಮ್ಮಪ್ಪನ ಕೈನ ನಾನು ವಿಡಿಯೋ ನೋಡಿ ಹಿಡಿದಿದ್ರೆ ಬಿಡ್ತಿದ್ಯಾ?’ ಅಂದರು. ಬಾಯಿ ಮುಚ್ಚಿಕೊಂಡೆ. 1950ರಲ್ಲೇ ಕಮಲಾ ನಿಂಬ್ಕರ್ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ಇದರ ಶಾಲೆ ಶುರು ಮಾಡಿದ್ದರಂತೆ. ‘ಇಷ್ಟು ವರ್ಷ ಆಯ್ತು, ಇವತ್ತಿಗೂ ನಮ್ಮ ನೆಂಟರು ನಾನು ಆಪರೇಷನ್ ಥಿಯೇಟರಲ್ಲಿ ಇದೀನಿ ಅಂದ್ಕೊಂಡಿದಾರೆ’ ಅಂತ ನಕ್ಕರು. ನನಗೆ ನಗು ಬರಲಿಲ್ಲ.

ಹಾಗಾಗಿ, ಫಾರ್ಮಲ್ಲಿ ಕೋರ್ಸಿನ ಪೂರ್ತಿ ಹೆಸರು ಇಲ್ಲದಿದ್ದರೆ ಎದ್ದು ಬನ್ನಿ. ಯಾವ ಯೂನಿವರ್ಸಿಟಿ ಅಂತ ಕೇಳಿ, ಅಲ್ಲಿಗೇ ಫೋನ್ ಮಾಡಿ ವಿಚಾರಿಸಿ. ಆಕ್ಯುಪೇಷನಲ್ ಥೆರಪಿಸ್ಟರ ಅಖಿಲ ಭಾರತ ಸಂಘ ಎ.ಐ.ಓ.ಟಿ.ಎ. ಮಾನ್ಯತೆ ಇದೆಯಾ ನೋಡಿ. 2021ರ ಕಾಯಿದೆಯಲ್ಲಿ ಈ ವೃತ್ತಿಗೂ ರಾಷ್ಟ್ರೀಯ ಆಯೋಗ ಇದೆ, ‘ಅದೆಲ್ಲಾ ಬೇಕಿಲ್ಲ ಮೇಡಂ’ ಅನ್ನುವವನನ್ನ ನಂಬಬೇಡಿ. ‘ಮೇಡಂ ಮೇಡಂ’ ಅಂತ ಜಾಸ್ತಿ ಅನ್ನುವವನನ್ನಂತೂ ನಂಬಲೇಬೇಡಿ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಬಳೆ ಇನ್ನೂ ಅಡದಲ್ಲೇ ಇದೆ. ಬಿ.ಓ.ಟಿ.ಗೆ ಅರ್ಜಿ ಹಾಕುವುದಾ ಬೇಡವಾ, ಇನ್ನೂ ಗೊತ್ತಾಗುತ್ತಿಲ್ಲ. ಅಪ್ಪ ಮಾತ್ರ ದಿನಾ ಊಟಕ್ಕೆ ಕೂತಾಗ ಬಲಗೈ ತೋರಿಸಿ ‘ಹಾಕಮ್ಮ’ ಅನ್ನುತ್ತಾರೆ.

ಅವನ ನಂಬರ್ ಬ್ಲಾಕ್ ಮಾಡಿಲ್ಲ, ಮೆಸೇಜೆಲ್ಲಾ ದೂರಿಗೆ ಬೇಕು. ನಿನ್ನೆ ಅದರಿಂದಲೇ ಬಂತು, ‘ಓಟಿ ಸೀಟ್ ಕೆಲವೇ ಬಾಕಿ, ಇಂದೇ ಬುಕ್ ಮಾಡಿ.’ ಯಾವ ಓಟಿ ಅಂತ ಕೇಳಿದೆ. ನೀಲಿ ಟಿಕ್ ಬಿದ್ದಿದೆ, ಉತ್ತರ ಬಂದಿಲ್ಲ.