ಗ್ವಾಟೆಮಾಲಾ: ಆಂಟಿಗುವಾದಲ್ಲಿ ಉಳಿಯೋದಾ, ಅತಿತ್ಲಾನ್ ಸರೋವರದ ಹತ್ತಿರವಾ?

ನಾಲ್ಕೇ ದಿನ ಇದ್ದರೆ ಆಂಟಿಗುವಾ ಸಾಕು. ಟ್ರಾಫಿಕ್ ಕಡಿಮೆ ಇದ್ದರೆ ವಿಮಾನ ನಿಲ್ದಾಣದಿಂದ ಒಂದು ಗಂಟೆ ದಾರಿ. ಸಂಜೆ ತಾರಸಿ ಮೇಲೆ ನಿಂತರೆ ಫ್ಯೂಗೊ ಜ್ವಾಲಾಮುಖಿ ಹೊಗೆ ಉಗುಳುವುದು ಕಾಣುತ್ತದೆ. ಇನ್ನೂ ಹತ್ತಿರದಿಂದ ನೋಡಬೇಕಾದರೆ 3,976 ಮೀಟರ್ ಎತ್ತರದ ಅಕಾಟೆನಾಂಗೊ ಹತ್ತಬೇಕು. ರಾತ್ರಿ ಅಲ್ಲಿ ಕೊರೆಯುವ ಚಳಿ, ಬರೀ ಸ್ವೆಟರ್ ಸಾಲದು.

ವಾರ ಇದ್ದರೆ ಅತಿತ್ಲಾನ್‌ಗೆ ಹೋಗಿ. ನನ್ನ ಮನಸ್ಸು ಅಲ್ಲೇ. ಆಂಟಿಗುವಾದಿಂದ ವ್ಯಾನಿನಲ್ಲಿ ಸುಮಾರು ಮೂರು ಗಂಟೆ. ಸುತ್ತಲಿನ ಮಾಯಾ ಜನರ ಊರುಗಳಿಗೆ ದೋಣಿಯಲ್ಲೇ ಓಡಾಟ. ಮಧ್ಯಾಹ್ನ ಶೊಕೊಮಿಲ್ ಗಾಳಿ ಎದ್ದರೆ ದೋಣಿ ಎತ್ತಿ ಎತ್ತಿ ಹಾಕುತ್ತದೆ, ನೀರು ಮುಖಕ್ಕೇ ರಾಚುತ್ತದೆ. ಹಾಗಾಗಿ ಬೆಳಗ್ಗೆಯೇ ದಾಟಿಬಿಡಿ.

ಸಸ್ಯಾಹಾರಿಗಳಿಗೆ ಎರಡೂ ಕಡೆ ಮೆಕ್ಕೆಜೋಳದ ರೊಟ್ಟಿ ತೋರ್ತಿಯಾ, ಕಪ್ಪು ಬೀನ್ಸ್ ಕಾಳು ಸಿಗುತ್ತದೆ. ಕಾಳಿಗೆ ಕೆಲವೊಮ್ಮೆ ಹಂದಿ ಕೊಬ್ಬು ಹಾಕಿರುತ್ತಾರೆ. "ಸಿನ್ ಮಾಂತೇಕಾ" (ಕೊಬ್ಬು ಹಾಕದೆ) ಅಂತ ಮೊದಲೇ ಹೇಳಿ.