5 ಟನ್ ಸಿಂಗಲ್ ಗರ್ಡರ್ ಇಒಟಿ ಕ್ರೇನ್: ಉದ್ಯಮಬಾಗದ ಫೌಂಡ್ರಿಯಲ್ಲಿ ದೀರ್ಘಕಾಲದ ಬಳಕೆ

ಬೆಳಗಾವಿಯ ಉದ್ಯಮಬಾಗದಲ್ಲಿರುವ ನಮ್ಮ ಫೌಂಡ್ರಿಯಲ್ಲಿ (ಲೋಹದ ಎರಕದ ಕಾರ್ಖಾನೆಯಲ್ಲಿ) 2019ರಿಂದ ದುಡಿಯುತ್ತಿರುವ 5 ಟನ್ ಇಒಟಿ ಕ್ರೇನಿನ, ಅಂದರೆ ತಲೆಯ ಮೇಲಿನ ಹಳಿಗಳ ಮೇಲೆ ವಿದ್ಯುತ್ತಿನಿಂದ ಓಡಾಡುವ, ಒಂದೇ ಅಡ್ಡತೊಲೆಯ (ಸಿಂಗಲ್ ಗರ್ಡರ್) ಕ್ರೇನಿನ ವಿಮರ್ಶೆಯಿದು. ಇದರ ವಿನ್ಯಾಸ, ತಯಾರಿಕೆ, ಜೋಡಣೆ ಮೂರನ್ನೂ ಒಂದೇ ಕಂಪನಿ ವಹಿಸಿಕೊಂಡಿತ್ತು. ಮರಳಿನ ಅಚ್ಚಿರುವ ಮೋಲ್ಡಿಂಗ್ ಬಾಕ್ಸ್‌ಗಳನ್ನೂ ತಣ್ಣಗಾದ ಕಾಸ್ಟಿಂಗ್‌ಗಳನ್ನೂ (ಎರಕದ ವಸ್ತುಗಳನ್ನೂ) ಎತ್ತುವುದಷ್ಟೇ ಇದರ ಕೆಲಸ. ಕರಗಿದ ಲೋಹದ ಲೇಡಲ್ (ದೊಡ್ಡ ಪಾತ್ರೆ) ಎತ್ತುವ ಕ್ರೇನಿಗೆ ಬೇಕಾದ ಸುರಕ್ಷತೆಯೇ ಬೇರೆ.

ಖರೀದಿಯ ಹೊತ್ತಿನಲ್ಲಿ ಬಂದ ಕೊಟೇಶನ್‌ಗಳಲ್ಲೆಲ್ಲ ‘5 ಟನ್’ ಎಂಬುದು ದಪ್ಪಕ್ಷರದಲ್ಲಿತ್ತು, ಎಷ್ಟು ದುಡಿತಕ್ಕೆ ತಾಳುತ್ತದೆಂದು ಹೇಳುವ ಡ್ಯೂಟಿ ಕ್ಲಾಸ್ ಮಾತ್ರ ಕೆಲವದರಲ್ಲಿ ಇರಲೇ ಇಲ್ಲ. ಹಾಯ್ಸ್ಟ್ (ಭಾರ ಎತ್ತಿಳಿಸುವ ಭಾಗ) ದಿನಕ್ಕೆ ಎಷ್ಟು ಹೊತ್ತು ಓಡುತ್ತದೆ, ಅದರಲ್ಲಿ ಪೂರ್ಣ ಭಾರದ ಪಾಲೆಷ್ಟು ಎಂಬುದರ ಮೇಲೆ ಎಂ1ರಿಂದ ಎಂ8ರವರೆಗಿನ ವರ್ಗ ನಿರ್ಧಾರವಾಗುತ್ತದೆ; ಅಂಕಿ ಏರಿದಷ್ಟೂ ಹೆಚ್ಚು ದುಡಿತಕ್ಕೆ ತಕ್ಕದ್ದು. ನಮ್ಮಲ್ಲಿ ಹುಕ್ಕಿಗೆ ಪೂರ್ಣ 5 ಟನ್ ಬೀಳುವುದು ಅಪರೂಪ, ಆದರೆ ಎರಡೂ ಪಾಳಿಯಲ್ಲಿ ಅದಕ್ಕೆ ಬಿಡುವೆಂಬುದಿಲ್ಲ. ಈ ಕಂಪನಿಯ ಎಂಜಿನಿಯರ್ ದರದ ಮಾತೆತ್ತುವ ಮೊದಲು ಗಂಟೆಗೆ ಎಷ್ಟು ಸಲ ಎತ್ತಿಳಿಸುತ್ತೀರಿ ಎಂದು ಕೇಳಿ, ಎಂ5 ಸೂಚಿಸಿದರು. ಅಗ್ಗಕ್ಕೆ ಸಿಗುತ್ತಿದ್ದ ಎಂ3 ಹಾಯ್ಸ್ಟಿನ ಗೇರ್ ಬಾಕ್ಸ್ ನಮ್ಮ ದುಡಿತಕ್ಕೆ ಇಷ್ಟು ಕಾಲ ತಾಳುತ್ತಿರಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಕ್ರೇನಿನೊಂದಿಗೆ ಬಂದ ಲೆಕ್ಕದ ಕಡತವನ್ನು ನಾನು ವಿಶೇಷವಾಗಿ ಮೆಚ್ಚುತ್ತೇನೆ. ಉಕ್ಕಿನ ರಚನೆಗೆ ಭಾರತೀಯ ಮಾನಕ (ಐಎಸ್) 807, ಒಟ್ಟು ಕ್ರೇನಿಗೆ ಐಎಸ್ 3177, ವೈರ್ ರೋಪ್ ಹಾಯ್ಸ್ಟಿಗೆ ಐಎಸ್ 3938 ಎಂದು ಹೆಸರಿಸಿ ಬಿಡದೆ, ಯಾವ ಅಂಕಿ ಎಲ್ಲಿಂದ ಬಂತೆಂದು ತೋರಿಸಿದ್ದಾರೆ. ಐಎಸ್ 800:2007ರ ಪ್ರಕಾರ 50 ಟನ್‌ವರೆಗಿನ ವಿದ್ಯುತ್ ಕ್ರೇನನ್ನು ಹೊರುವ ಗ್ಯಾಂಟ್ರಿ ಗರ್ಡರ್ (ಕಂಬಗಳ ಮೇಲೆ ಕೂತು ಕ್ರೇನಿನ ಹಳಿಯನ್ನು ಹೊರುವ ತೊಲೆ) ತನ್ನ ಉದ್ದದ 750ನೇ ಒಂದು ಭಾಗಕ್ಕಿಂತ ಹೆಚ್ಚು ಬಾಗಬಾರದು. ಕಂಬಗಳ ನಡುವೆ 6 ಮೀಟರ್ ಅಂತರವಿರುವ ನಮ್ಮ ಶೆಡ್ಡಿಗೆ ಅದು 8 ಮಿ.ಮೀ. ಹಳೆಯ ಗರ್ಡರ್ ಇದಕ್ಕೆ ಸಾಲದೆಂದು ತೋರಿಸಿ, ಅದನ್ನು ಬಲಪಡಿಸಿದ ಮೇಲೆಯೇ ಅವರು ಕ್ರೇನ್ ಏರಿಸಿದರು. ಖರ್ಚು ಹೆಚ್ಚಾಯಿತು, ಆದರೆ ಚಕ್ರದ ಅಂಚು ಹಳಿಗೆ ಉಜ್ಜುವ ತೊಂದರೆ ಈವರೆಗೆ ಕಾಣಿಸಿಲ್ಲ. ಹಸ್ತಾಂತರದ ದಿನ ನಮ್ಮದೇ ಕಾಸ್ಟಿಂಗ್‌ಗಳನ್ನು ಪೇರಿಸಿ 6.25 ಟನ್, ಅಂದರೆ ಶೇ. 125ರಷ್ಟು ಭಾರ ಎತ್ತಿಸಿ ಪರೀಕ್ಷೆ ನಡೆಸಿದರು. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ ಕಾರ್ಖಾನೆ ಕಾಯ್ದೆ, 1948ರ 29ನೇ ಕಲಮಿನಂತೆ 12 ತಿಂಗಳಿಗೊಮ್ಮೆಯಾದರೂ ನಡೆಯಬೇಕಿದ್ದ ತಪಾಸಣೆಗೆ ಬರುತ್ತಿದ್ದವರು ಮೊದಲು ಕೇಳುತ್ತಿದ್ದುದೂ ಇದೇ ಕಡತವನ್ನು.

ದೂರುಗಳೂ ಇವೆ. ಫೌಂಡ್ರಿಯೆಂದು ತಿಳಿದಿದ್ದೂ ರೋಪ್ ಸುತ್ತಿಕೊಳ್ಳುವ ಡ್ರಮ್ಮಿಗೆ ಧೂಳಿನ ಮುಚ್ಚಳ ಕೊಡಲಿಲ್ಲ. ಹಾರುವ ಮರಳು ರೋಪಿನ ಗ್ರೀಸಿಗೆ ಅಂಟಿ ಕಪ್ಪು ಹಿಟ್ಟಿನಂತಾಗುತ್ತದೆ, ಬಟ್ಟೆಯಿಂದ ಒರೆಸಿದರೆ ಎಳೆಗಳ ನಡುವೆ ಹರಳು ಕೈಗೆ ತಾಕುತ್ತದೆ. ಅದು ರೋಪನ್ನು ಡ್ರಮ್ಮಿನ ಮೇಲೆ ಸಾಲಾಗಿ ಕೂರಿಸುವ ರೋಪ್ ಗೈಡನ್ನು ಉಜ್ಜಿ ತಿನ್ನುತ್ತದೆ. ಗೈಡ್ ಸವೆದಾಗ ರೋಪ್ ಡ್ರಮ್ಮಿನ ತೋಡು ಬಿಟ್ಟು ಏರುತ್ತದೆ. ಮುಚ್ಚಳವನ್ನು ಕೊನೆಗೆ ನಾವೇ ತಗಡಿನಲ್ಲಿ ಮಾಡಿಸಿದೆವು. ಪ್ಯಾನೆಲ್ಲಿನ ವೈರಿಂಗ್ ನಕ್ಷೆಗೆ ಹೊಂದಿಕೆಯಾಗುವುದಿಲ್ಲ. ಹುಕ್ಕು ಮಿತಿ ಮೀರಿ ಮೇಲೇರದಂತೆ ತಡೆಯುವ ಲಿಮಿಟ್ ಸ್ವಿಚ್ ಕೆಟ್ಟಾಗ ತಂತಿಯ ಜಾಡು ಹಿಡಿಯಲು ನಮ್ಮ ಎಲೆಕ್ಟ್ರಿಷಿಯನ್ ಇಡೀ ಪಾಳಿ ಕಳೆದರು. ವಿನ್ಯಾಸಕ್ಕೆ ತೋರಿದ ಕಾಳಜಿಯನ್ನು ಸರ್ವಿಸ್ ವಿಭಾಗದಲ್ಲಿ ನಿರೀಕ್ಷಿಸಬಾರದು, ಆದ್ದರಿಂದ ಬ್ರೇಕ್ ಲೈನಿಂಗ್ ಮತ್ತು ರೋಪ್ ಗೈಡನ್ನು ಆರ್ಡರಿನ ಜೊತೆಗೇ ತರಿಸಿಟ್ಟುಕೊಳ್ಳುವುದು ಒಳಿತು.